ಹೆಣ ತೋರಿಸದಿದ್ದರೆ ಸತ್ತಿಲ್ಲ

ಸಾಸ್ತಾನದ ಟೋಲ್‌ಗೇಟಿನ ಸಾಲಿನಲ್ಲಿ ನಮ್ಮ ಬಸ್ಸಿನ ಪಕ್ಕಕ್ಕೆ ಒಂದು ಪಿಕಪ್ ಬಂದು ನಿಂತಿತು. ಹಿಂದೆ ಒದ್ದೆ ಬಲೆಯ ರಾಶಿ. ಅದರ ವಾಸನೆ ಮೀನಿನದ್ದಲ್ಲ. ಮೀನೆಲ್ಲ ಹೋದ ಮೇಲೆ ನೈಲಾನಿನಲ್ಲಿ ಉಳಿಯುವ, ಉಪ್ಪು, ಪಾಚಿ, ಡೀಸೆಲು ಕಲೆಸಿದಂಥ ಹುಳಿ ವಾಸನೆ. ನಾನು ಕಿಟಕಿಯ ಗಾಜು ಎಳೆದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಎಂತಕ್ಕೆ ಮುಚ್ಚುದ್ ಮರ್ರೆ, ಈ ಉರಿ ಸೆಕೆಯಂಗೆ?" ಎಂದರು. ವಾದ ಮಾಡುವುದನ್ನೇ ಕಲಿತವಳು ನಾನು. ಬ್ರಹ್ಮಾವರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ, ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ಆದರೂ ಮತ್ತೆ ಗಾಜು ತೆರೆದೆ.

ಕುಂದಾಪುರಕ್ಕೆ ಮಧ್ಯಾಹ್ನದ ಆಟಕ್ಕೆ ಹೊರಟಿದ್ದೆ. ಕಡಲಿನಿಂದ ಎದ್ದು ಬಂದು ಪೇಟೆ ತುಳಿಯುವ ರಾಕ್ಷಸ ಪ್ರಾಣಿಯ ಸಿನಿಮಾ. ಅಂಥ ಸಿನಿಮಾ ನನಗೆ ಕಂಡರಾಗದು. ಹಿಂದೆಯೂ ಆಗುತ್ತಿರಲಿಲ್ಲ. ಆದರೂ ಅರ್ಧ ದಿನ ರಜೆ ಹಾಕಿದ್ದು ದೊಡ್ಡಮ್ಮನಿಗಾಗಿ. ಹಿಂದಿನ ದಿನ ಅವಳೇ ಫೋನು ಮಾಡಿದ್ದಳು. "ಶೈಲಾ, ಅದ್ ಬಂದಿತ್ತಂಬ್ರ್. ಹೋಪನಾ?" ಅಂದಿದ್ದಳು. ಯಾವುದು ಎಂದು ನಾನು ಕೇಳಲಿಲ್ಲ. ಐದು ವರ್ಷದಿಂದ ನಾವಿಬ್ಬರೂ ಅದಕ್ಕೇ ಕಾದದ್ದು.

ಚಂದ್ರ ನನ್ನ ದೊಡ್ಡಪ್ಪನ ಮಗ, ನನಗಿಂತ ಏಳು ವರ್ಷ ದೊಡ್ಡವ. ದೊಡ್ಡಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ತಾಯಿ ಮತ್ತು ಮಗ ಇಬ್ಬರೇ. ಬೈಂದೂರಿಗಿಂತ ಈಚೆ, ಹೆದ್ದಾರಿಯಿಂದ ಪಡುವಣಕ್ಕೆ ಇಳಿದರೆ ಕಡಲ ಬದಿಯಲ್ಲಿ ನಮ್ಮದೂ ಅವರದೂ ಒತ್ತೊತ್ತಿಗೆ ಮನೆ. ಅವ ಗಂಗೊಳ್ಳಿಯ ದೊಡ್ಡ ಬೋಟಿಗೆ ಬಲೆಯ ಕೆಲಸಕ್ಕೆ ಹೋಗುತ್ತಿದ್ದ. ಹತ್ತು ವರ್ಷದವನಿದ್ದಾಗ ಮುಂಬೈಯ ಹೋಟೆಲಿನಲ್ಲಿದ್ದ ಅವನ ಸೋದರಮಾವ ಭಾಸ್ಕರ ಒಂದು ಸಿ.ಡಿ. ತಂದಿದ್ದನಂತೆ. ಹಿಂದಿಗೆ ಡಬ್ಬಾದ ಸಿನಿಮಾ. ಹಾವುಮೀನಿನ ಮೈ, ಏಡಿಯ ಕೊಂಬು, ಗುಡ್ಡದಷ್ಟು ಗಾತ್ರ. ಅಲ್ಲಿಂದ ಅವನ ತಲೆಗೆ ಅದು ಹತ್ತಿದ್ದು ಇಳಿಯಲೇ ಇಲ್ಲ. ಅದರ ಆರೂ ಭಾಗಗಳು ಅವನ ಫೋನಿನಲ್ಲಿದ್ದವು. ಪ್ರಾಣಿಗೆ ಸಿನಿಮಾದಲ್ಲಿ ಏನೋ ಹೆಸರಿತ್ತು. ನಮ್ಮ ಮನೆಯಲ್ಲಿ ಅದರ ಹೆಸರು "ಆಸಾಮಿ".

"ಹ್ವಾಯ್, ಆಸಾಮಿ ಬಪ್ಪು ಹೊತ್ತಾಯ್ತ್, ಬಾ" ಎಂದು ದೊಡ್ಡಮ್ಮನನ್ನು ಕರೆಯುತ್ತಿದ್ದ. ದೊಡ್ಡಮ್ಮ ಬಲೆ ಹೆಣೆಯುವ ಸೂಜಿ ಬಿಡದೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಹಿಂದಿ ಒಂದಕ್ಷರ ಬಾರದವಳು. ಆದರೆ ಯಾವ ಭಾಗದಲ್ಲಿ ಯಾವ ಸೇತುವೆ ಮುರಿಯುತ್ತದೆ, ಯಾವ ದೊರೆ ಹೆದರಿ ಓಡುತ್ತಾನೆ ಎಲ್ಲ ಬಾಯಿಪಾಠ. "ಈ ಹುಡ್ಗಿ ಈಗ ಕಾರಿಂದ ಇಳಿತ್ಲ್, ಕಾಣ್. ಇಳಿಬೇಡ ಮಾರಾಯ್ತಿ, ಹೋದ್ಸಲವೂ ಇಳ್ದ್ ಸತ್ತಿ!" ಎಂದು ಸತ್ತವಳಿಗೇ ಬೈಯುತ್ತಿದ್ದಳು.

ಐದು ವರ್ಷದ ಹಿಂದೆ ನಾನು ಕುಂದಾಪುರದಲ್ಲಿ ಡಿಗ್ರಿ ಮುಗಿಸಿದ್ದೆ. ಅದೇ ವರ್ಷದ ಮಾರ್ಚಿನಲ್ಲಿ ಬ್ರಹ್ಮಾವರದ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದು ತಲೆ ಸ್ವಲ್ಪ ತಿರುಗಿತ್ತು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಚೀಟಿಯಲ್ಲಿ ಏನಿದೆಯೋ ಅದನ್ನು ಮೂರು ನಿಮಿಷದಲ್ಲಿ ಗೆಲ್ಲುತ್ತಿದ್ದೆ. ಗೆದ್ದದ್ದನ್ನು ನಂಬಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ರಜೆಯಲ್ಲಿ ಎದುರಾಳಿ ಬೇಕಿತ್ತು, ಚಂದ್ರ ಸಿಕ್ಕಿದ. ಜೂನ್ ತಿಂಗಳು, ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಅವನೂ ದಿನವಿಡೀ ಜಗಲಿಯಲ್ಲಿ ಬಲೆ ತೇಪೆ ಹಾಕುತ್ತಾ ಕೂತಿರುತ್ತಿದ್ದ.

ಮೇ ಕೊನೆಗೇ ಸುದ್ದಿ ಬಂದಿತ್ತು: ಆಸಾಮಿಯ ಮೊದಲನೇ ಭಾಗವನ್ನು ಹೊಸದಾಗಿ ತೆಗೆಯುತ್ತಾರಂತೆ. ಚಂದ್ರನ ಕಾಲು ಒಂದು ವಾರ ನೆಲದ ಮೇಲೆ ನಿಲ್ಲಲಿಲ್ಲ.

"ಒಂದ್ಸಲ ತೆಗ್ದದ್ದನ್ನೇ ಇನ್ನೊಂದ್ಸಲ ತೆಗುದ್ ಎಂತಕ್ಕೆ?" ಎಂದೆ. "ಕತೆ ಕಟ್ಟುಕೆ ತಲೆ ಇಲ್ದಿದ್ದವ್ರ ಕೆಲ್ಸ ಅದ್."

"ನಿನ್ನಪ್ಪ ಪ್ರತಿ ವರ್ಷ ಅದೇ ಪ್ರಸಂಗದ ಯಕ್ಷಗಾನಕ್ಕೆ ಹೋಪುದಿಲ್ಯಾ? ಬೆಳಗಾತನಕ ಕೂಕಂತ್ರಲೆ. ಅದ್ ರಿಮೇಕ್ ಅಲ್ದಾ ಲಾಯ್ರೆ?"

ನಾನು ಓದಿದ್ದು ವಕೀಲಿಯಲ್ಲ. ಅವನಿಗೆ ನಾನು ಲಾಯರೇ.

"ಅಲ್ಲಿ ವೇಷಧಾರಿ ಬದಲಾತ, ಅರ್ಥ ಬದಲಾತ್ತ್."

"ಇಲ್ಲೂ ಆಸಾಮಿಯ ಹಲ್ಲ್ ಬದಲಾತ್ತ್ ಕಾಣ್!"

ನಾನು ಬಿಡಲಿಲ್ಲ. ಈ ಸರಣಿಗಳೆಲ್ಲ ಮೋಸ ಎಂದೆ. ಸತ್ತದ್ದನ್ನು ಸಾಯಲು ಬಿಡುವುದಿಲ್ಲ, ಯಾಕೆಂದರೆ ಸತ್ತರೆ ಮುಂದಿನ ಟಿಕೆಟು ಮಾರುವುದಕ್ಕಾಗುವುದಿಲ್ಲ. ಅದೂ ಅಲ್ಲದೆ ಎರಡನೇ ಭಾಗದಲ್ಲಿ ಬರುವುದು ಮೊದಲನೆಯದ್ದೇ ಅಲ್ಲ. ಅದು ಕಡಲ ತಳದಲ್ಲಿ ಉಳಿದ ಮೊಟ್ಟೆಯಿಂದ ಬಂದದ್ದು. ನಾಲ್ಕರಲ್ಲಿ ಬಂದದ್ದು ಪ್ರಯೋಗಶಾಲೆಯಲ್ಲಿ ಮಾಡಿದ್ದು. "ನೀ ಪ್ರೀತಿ ಮಾಡಿದ್ ಆಸಾಮಿ ಮೊದಲ್ನೇ ಭಾಗದಂಗೇ ಸತ್ತ್ ಹೋಯ್ತ್. ಆಮೇಲ್ ಬಂದದ್ದೆಲ್ಲ ಅದ್ರ ಅಂಗಿ ಹಾಕಂಡ್ ಬಂದದ್ದ್."

ಸೂಜಿ ನಿಂತಿತು. ಅವನಿಗೆ ನಿಜವಾಗಿ ನೋವಾಗಿತ್ತು. ಆಮೇಲೆ ನಿಧಾನವಾಗಿ ಅವನ ಮೊದಲ ನಿಯಮವನ್ನು ಹೇಳಿದ. ಅದನ್ನು ಅವನು ನೂರು ಸಲ ಹೇಳಿದ್ದ, ದೊಡ್ಡಮ್ಮನಿಗೂ ಬರುತ್ತಿತ್ತು.

"ಹೆಣ ತೋರ್ಸಿರಾ? ಇಲ್ಯಲೆ. ಹೆಣ ತೋರ್ಸದಿದ್ರೆ ಸತ್ತಿಲ್ಲೆ."

ಸಿನಿಮಾ ಕಂಪನಿಯವರು ತೆಗೆಯುವ ಮೊದಲು ನಾವೇ ತೆಗೆಯುವ ಎಂದು ಹೊರಟದ್ದು ಆ ಜಗಳದಿಂದಲೇ. "ನಿಂಗ್ ಅಷ್ಟ್ ಗೊತ್ತಿದ್ರೆ ಕ್ಯಾಮೆರಾ ಹಿಡಿ" ಎಂದ. ನನ್ನ ಫೋನಿನಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಅವನ ಗೆಳೆಯ ರಾಜು ಆಸಾಮಿಯ ಬಾಯಿಗೆ ಬೀಳುವ ಪಾತ್ರಕ್ಕೆ ಒಪ್ಪಿದ. ಒಟ್ಟು ನಾಲ್ಕು ಸಲ ಸಾಯಬೇಕಿತ್ತು: ಮೀನು ಮಾರುವವ, ಪೊಲೀಸ, ವಿಜ್ಞಾನಿ, ಕೊನೆಗೆ ವಿಜ್ಞಾನಿಯ ತಮ್ಮ.

ಆಸಾಮಿಯನ್ನು ಕಟ್ಟಲು ಹದಿನೈದು ದಿನ ಹಿಡಿಯಿತು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಜಗಲಿ ತುಂಬ ಹಳೇ ಬಲೆ. ಬೋಟಿನವರು ಇನ್ನು ಪ್ರಯೋಜನವಿಲ್ಲವೆಂದು ಎಸೆದದ್ದು. ಚಂದ್ರನಿಗೆ ಕಟ್ಟಲು ಬರುತ್ತಿದ್ದದ್ದು ಒಂದೇ ರೀತಿ. ಅಪ್ಪನಿಂದ, ತಾಯಿಯಿಂದ ಕಲಿತ ರೀತಿ. ಮೇಲಂಚಿಗೆ ತೇಲುವ ಬೆಂಡು, ಕೆಳಗಂಚಿಗೆ ಸೀಸದ ಗುಂಡು, ಹಾಗಾದರೆ ಬಲೆ ನೀರಿನಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಆಸಾಮಿಯನ್ನೂ ಹಾಗೇ ಕಟ್ಟಿದ. ಬೆಂಡಿನ ಸಾಲು ಬೆನ್ನೆಲುಬು, ಸೀಸದ ಸಾಲು ಹೊಟ್ಟೆ. ನೀಲಿ ಡ್ರಮ್ಮನ್ನು ಸೀಳಿ ಏಡಿಗೊಂಬು. ಎಣ್ಣೆ ಕ್ಯಾನಿನ ಕಣ್ಣು. ಇಪ್ಪತ್ತೈದು ಅಡಿ ಉದ್ದ. ಹೊಳೆ ಕಡಲಿಗೆ ಸೇರುವ ಅಳಿವೆಯ ಒಳಗಿನ ನೀರಿಗೆ ಬಿಟ್ಟಾಗ ಅರ್ಧ ಮುಳುಗಿ ಬೆನ್ನು ಮಾತ್ರ ತೋರಿಸುತ್ತಾ ಸಾಗಿತು. ನಿಜ ಹೇಳಬೇಕು, ನನ್ನ ಮೈ ಜುಂ ಅಂದಿತು.

ಮೊದಲ ದಿನದ ಚಿತ್ರೀಕರಣ ಮುಗಿಸಿ ದಡಕ್ಕೆ ಎಳೆದಾಗ ಆಸಾಮಿಯ ಹೊಟ್ಟೆಯಲ್ಲಿ ನಾಲ್ಕು ಕಾಣೆ ಮೀನು, ಒಂದು ಏಡಿ. ರಾಜು ಬಿದ್ದು ಬಿದ್ದು ನಕ್ಕ. ದೊಡ್ಡಮ್ಮ ಸಾರು ಮಾಡಿದಳು. "ನಿಂಗ್ಳ್ ಸಿನೆಮಾ ಎಂತ ಆತ್ತೋ ಗೊತ್ತಿಲ್ಲೆ. ಸಾರಂತೂ ಲಾಯ್ಕ್ ಆಯ್ತ್" ಎಂದಳು. ನಾವೂ ನಗುತ್ತಾ ಉಂಡೆವು. ಅದು ಇನ್ನೂ ಬಲೆಯಾಗಿಯೇ ಇದೆ ಎಂದು ಬಲೆಯ ನಡುವೆಯೇ ಹುಟ್ಟಿ ಬೆಳೆದ ನಾಲ್ಕು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮಗದು ಆಗಲೇ ಆಸಾಮಿಯಾಗಿತ್ತು.

ಜುಲೈಯಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಾಗ ಕೊನೆಯ ದೃಶ್ಯ. ಚಂದ್ರನ ಪ್ರಕಾರ ಆಸಾಮಿ ಸೋತು, ಅಳಿವೆಯ ಬಾಯಿಯಿಂದ ಕಡಲಿಗೆ ಹೋಗಿ ಕಾಣೆಯಾಗಬೇಕು. ಇಳಿತದ ಹೊತ್ತಿಗೆ ಬಿಟ್ಟೆವು. ಹೋಯಿತು. ಹೊರಗಿನ ಮರಳ ದಿಬ್ಬಕ್ಕೆ ತಾಗಿ ನಿಂತದ್ದು ಬರಿಗಣ್ಣಿಗೆ ಕಾಣುತ್ತಿತ್ತು, ಆದರೆ ನನ್ನ ಚಿತ್ರದಲ್ಲಿ ಬರೀ ನೀರು, ಮೋಡ. ಚಂದ್ರ ಮರಳಿನ ಮೇಲೆ ಮಂಡಿಯೂರಿ ಕೂತ. "ಮುಗೀತ್ ಕಾಣ್. ಹೆಣ ಇಲ್ಲೆ" ಎಂದ. ಅಷ್ಟು ಸುಖವಾಗಿ ಕೂತದ್ದನ್ನು ನಾನು ಮತ್ತೆ ಕಂಡಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ. ಆ ಸಂಜೆ ಜಗಲಿಯಲ್ಲಿ ಚರ್ಚೆ ಇಟ್ಟೆ. ವಿಷಯ: ಆಸಾಮಿಯ ಹೆಣ ತೋರಿಸಬೇಕು. ಪರ ನಾನು, ವಿರೋಧ ಚಂದ್ರ. ತೀರ್ಪು ದೊಡ್ಡಮ್ಮನದ್ದು, ಮೂರು ನಿಮಿಷಕ್ಕೆ ಸೌಟಿನಿಂದ ತಟ್ಟೆ ಬಡಿಯುವುದೂ ಅವಳೇ.

ನಾನು ಚೆನ್ನಾಗಿಯೇ ಮಾತಾಡಿದೆ. ಅದೇ ಕಷ್ಟ. ನೋಡುವವನಿಗೆ ಕೊನೆ ಎಂಬುದನ್ನು ಕೊಡದೆ ಮನೆಗೆ ಕಳಿಸುವುದು ಮೋಸ ಎಂದೆ. ಸತ್ತಿತೋ ಇಲ್ಲವೋ ಎಂದು ತೂಗುಹಾಕಿ ಇಡುವುದು ವ್ಯಾಪಾರಿಯ ಬುದ್ಧಿ ಎಂದೆ. ಹೆಣ ಕಂಡರೆ ಅಳಬಹುದು, ಅತ್ತರೆ ಎದ್ದು ಹೋಗಬಹುದು. ಹೆಣ ಕಾಣದವರು ಕೂತಲ್ಲೇ ಕೂತಿರಬೇಕಾಗುತ್ತದೆ, ಇದಕ್ಕಿಂತ ಕ್ರೂರವಾದದ್ದು ಬೇರೆ ಇದೆಯೇ ಎಂದು ಕೇಳಿದೆ. ತಟ್ಟೆ ಬಡಿಯುವ ಮೊದಲೇ ಮುಗಿಸಿದೆ.

ಚಂದ್ರ ಎದ್ದು ನಿಂತು ತಲೆ ಕೆರೆದ. "ನಂಗ್ ಹೀಂಗೆಲ್ಲ ಹೇಳುಕ್ ಬತ್ತಿಲ್ಲೆ. ಆಸಾಮಿ ಸತ್ರೆ ನಂಗ್ ಬೇಜಾರಾತ್ತ್. ಅಷ್ಟೆ" ಎಂದು ಕೂತುಬಿಟ್ಟ.

ದೊಡ್ಡಮ್ಮ ಸೌಟನ್ನು ತೊಡೆಯ ಮೇಲಿಟ್ಟಳು. "ಹುಡ್ಗಿ ಹೇಳುದೇ ಸರಿ ಮಗಾ. ಎಂತ ಆಯ್ತ್ ಅಂದೇಳಿ ಒಂದ್ ಗೊತ್ತಾಯ್ಕಲೆ. ಹೆಣ ಕಾಣ್ಕ್."

ಮರುದಿನ ಬೆಳಿಗ್ಗೆ ಅವನೇ ನಮ್ಮ ಅಂಗಳಕ್ಕೆ ಬಂದ. ಹೆಗಲಲ್ಲಿ ಹಗ್ಗದ ಸುರುಳಿ. "ಏಳ್ ಲಾಯ್ರೆ. ನೀ ಗೆದ್ದೆ. ಹೆಣ ಎಳ್ದ್ ತಕಂಡ್ ಬಪ್ಪ."

ರಂಪಣಿ ಬಲೆ ಎಳೆಯುವ ಹಾಗೆಯೇ ಯೋಚನೆ. ಹಗ್ಗದ ಒಂದು ತುದಿ ದಡದಲ್ಲಿ ನಮ್ಮ ಕೈಯಲ್ಲಿ, ಇನ್ನೊಂದನ್ನು ಚಂದ್ರ ಈಜಿಕೊಂಡು ಹೋಗಿ ಆಸಾಮಿಯ ಕುತ್ತಿಗೆಗೆ ಕಟ್ಟುವುದು, ನಾವು ಎಳೆಯುವುದು, ಅದು ಸತ್ತು ತೇಲಿ ಬಂದ ಹಾಗೆ ದಡಕ್ಕೆ ಬರುವುದು. ರಂಪಣಿಗೆ ಮೂವತ್ತು ಜನ ಬೇಕು. ದಡದಲ್ಲಿದ್ದದ್ದು ರಾಜು ಮತ್ತು ನಾನು ಇಬ್ಬರೇ. ನನ್ನ ಒಂದು ಕೈಯಲ್ಲಿ ಫೋನು.

ದಿಬ್ಬ ಮೂವತ್ತು ಮಾರು ದೂರ. ಅವನಿಗೆ ಅದೇನೂ ದೂರವಲ್ಲ. ಹೋಗಿ ಕಟ್ಟಿದ. ಕೈ ಎತ್ತಿದ. ರಾಜು ಎಳೆಯಲು ತೊಡಗಿದ. ಆಸಾಮಿ ದಿಬ್ಬ ಬಿಟ್ಟು ಅಲುಗಿತು. ನಾನು ಚಿತ್ರ ತೆಗೆಯತೊಡಗಿದೆ. ಆಗ ಕಂಡಿತು, ಆಸಾಮಿಯ ತಲೆಯ ಪಕ್ಕದಲ್ಲೇ ಚಂದ್ರನ ತಲೆ. ಸತ್ತ ರಾಕ್ಷಸನ ಪಕ್ಕದಲ್ಲಿ ನಗುತ್ತಾ ಈಜುವ ಮನುಷ್ಯ. ದೃಶ್ಯ ಕೆಟ್ಟಿತು. ಗಂಟಲು ಹರಿಯುವಷ್ಟು ಕೂಗಿದೆ: "ಫ್ರೇಮಂಗೆ ನೀ ಇದ್ದೆ! ಹಿಂದ್ ಹೋಗ್, ಅದ್ರ್ ಹಿಂದ್ ಹೋಗ್!"

ಅವ ಹೆಬ್ಬೆರಳು ಎತ್ತಿ ತೋರಿಸಿದ. ಆಸಾಮಿಯ ಹಿಂದೆ, ಕಡಲಿನ ಬದಿಗೆ ಹೋದ. ಈಗ ಚಿತ್ರದಲ್ಲಿ ಅದೊಂದೇ. ಬಹಳ ಚೆನ್ನಾಗಿ ಬಂತು.

ಆಮೇಲೆ ಪಡುವಣದಿಂದ ಮಳೆಯ ಒಂದು ಪರದೆ ಬಂತು. ದೊಡ್ಡ ತೆರೆಯೊಂದು ಎದ್ದು ಆಸಾಮಿ ಮಗುಚಿತು. ಹಗ್ಗ ಭಾರವಾಯಿತು. "ಬಲೆ ನೀರ್ ಕುಡ್ದಿತ್ತ್, ಎಳಿ ಎಳಿ!" ಎಂದು ರಾಜು ಕೂಗಿದ. ಫೋನನ್ನು ಸೊಂಟಕ್ಕೆ ಸಿಕ್ಕಿಸಿ ನಾನೂ ಎಳೆದೆ. ಹಗ್ಗ ಒಂದೆರಡು ಸಲ ಒಳಗಿನಿಂದ ಜಗ್ಗಿತು. ದೊಡ್ಡ ಮೀನು ಬಿದ್ದಾಗ ಜಗ್ಗುವ ಹಾಗೆ. ಆಮೇಲೆ ಹಗುರವಾಯಿತು. ನಾವು ಖುಷಿಪಟ್ಟೆವು.

ಆಸಾಮಿ ದಡಕ್ಕೆ ಬಂತು. ಹೊಟ್ಟೆ ಮೇಲಾಗಿ, ಒಂದು ಕೊಂಬು ಮುರಿದು, ಥೇಟು ಹೆಣ. ಚಂದ್ರ ಬರಲಿಲ್ಲ.

ಊರಿನವರೆಲ್ಲ ಬಂದರು. ನಾಡದೋಣಿಗಳು ಇಳಿದವು. ಮೂರು ದಿನ, ಐದು ದಿನ. ಉತ್ತರದ ಬದಿ, ದಕ್ಷಿಣದ ಬದಿ, ಕಡಲು ಸಾಮಾನ್ಯವಾಗಿ ಎಲ್ಲಿ ಹಿಂದೆ ಕೊಡುತ್ತದೆಯೋ ಅಲ್ಲೆಲ್ಲ ಹುಡುಕಿದರು. ಕೊಡಲಿಲ್ಲ.

ಮರುದಿನವೇ ದೊಡ್ಡಮ್ಮ ದಡದಲ್ಲಿ ಬಿದ್ದಿದ್ದ ಬಲೆಯ ಬಳಿ ಕೂತಳು. ಯಾರೋ ಎಬ್ಬಿಸಲು ಹೋದರೆ ಕೈ ತಳ್ಳಿದಳು. ಬಲೆಯನ್ನು ಮಾರು ಮಾರು ಬಿಡಿಸುತ್ತಾ ಬೆರಳಾಡಿಸಿದಳು, ತೇಪೆ ಹಾಕಲು ಹರಿದ ಜಾಗ ಹುಡುಕುವ ಹಾಗೆ. ಹೊಟ್ಟೆಯ ಬದಿಯಲ್ಲಿ ಬೆರಳು ನಿಂತಿತು.

"ಶೈಲಾ, ಬಾ ಇಲ್ಲಿ. ಇದ್ ಹರ್ದದ್ದಲ್ಲ. ಕೊಯ್ದದ್ದ್."

ಬಲೆ ಕೆಲಸದವರ ಸೊಂಟದಲ್ಲಿ ಯಾವಾಗಲೂ ಒಂದು ಸಣ್ಣ ಚೂರಿ ಇರುತ್ತದೆ. ಒಂದೇ ಗೆರೆಯಲ್ಲಿ ಬಲೆಯ ಹನ್ನೊಂದು ಕಣ್ಣು ಕೊಯ್ದಿತ್ತು. ಎಣಿಸಿ ತೋರಿಸಿದಳು. "ಹನ್ನೊಂದ್ ಕಣ್ಣ್. ಮನ್ಷ ಹೊರ್ಗ್ ಬಪ್ಪಷ್ಟ್. ಅವ ಬಿಡಿಸ್ಕಂಡ್ ಹೊರ್ಗ್ ಬಂದಿದ."

ಅದರ ನಂತರ ಅವಳು ಅಳಲಿಲ್ಲ. ಬಲೆಯನ್ನು ಮನೆಗೆ ತರಿಸಿ ಜಗಲಿಯ ಮೂಲೆಯಲ್ಲಿ ಇರಿಸಿದಳು. ಯಾರು ಬಂದು ಏನು ಹೇಳಿದರೂ ಒಂದೇ ಮಾತು: "ಹೆಣ ತೋರ್ಸಿರಾ? ಇಲ್ಯಲೆ."

ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಭಾಸ್ಕರ ಮಾವ ಬಂದ. ನಮ್ಮಲ್ಲಿ ಹೆಣ ಸಿಗದವರಿಗೆ ದರ್ಭೆಯಲ್ಲಿ ಆಳು ಮಾಡಿ, ತೆಂಗಿನಕಾಯಿಯ ತಲೆ ಇಟ್ಟು ಸುಡುವ ಕ್ರಮವಿದೆ. ಪಿತೃಪಕ್ಷದೊಳಗೆ ಮಾಡದಿದ್ದರೆ ಹುಡುಗ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂದ. ದೊಡ್ಡಮ್ಮ ಒಪ್ಪಲಿಲ್ಲ. ಬದುಕಿದವನನ್ನು ಸುಡುವುದೇ ಎಂದು ತಮ್ಮನಿಗೆ ಬಾಗಿಲು ತೋರಿಸಿದಳು. ಅವ ನಮ್ಮ ಮನೆಗೆ ಬಂದು ನನ್ನ ಎದುರು ನಿಂತ.

"ನೀ ಮಾತಾಡುಕೆ ಗಟ್ಟಿ ಅಂಬ್ರ್. ಬಹುಮಾನ ಎಲ್ಲ ತಂದಿದ್ಯಲೆ. ಒಂದ್ ಮಾತ್ ಹೇಳ್ ಅವ್ಳಿಗ್. ಹೀಂಗೇ ಕೂತ್ರೆ ತಲೆ ಕೆಟ್ಟ್ ಹೋತ್ತ್."

ಹೋದೆ. ಅದು ಅವಳ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಸುಳ್ಳೂ ಅಲ್ಲ. ಆದರೆ ಅವಳು ದಿನಾ ಬಾಗಿಲಲ್ಲಿ ಕೂತು ಕಡಲಿನ ದಾರಿ ನೋಡುವಾಗ ಆ ದಾರಿಯಲ್ಲಿ ನಾನೂ ಓಡಾಡಬೇಕಿತ್ತು. ಅದು ಮುಗಿದರೆ ಸಾಕಾಗಿತ್ತು ನನಗೆ.

ಅವಳು ಸೂಜಿ ಹಿಡಿದು ಯಾರದ್ದೋ ಬಲೆಗೆ ತೇಪೆ ಹಾಕುತ್ತಿದ್ದಳು. "ನಿನ್ನ ಕಳ್ಸಿದ್ನಾ? ಹೇಳ್. ಬಡಿಯುಕೆ ತಟ್ಟೆ ಇಲ್ಲೆ, ಎಷ್ಟ್ ಹೊತ್ತ್ ಬೇಕಾರೂ ಹೇಳ್."

"ದೊಡ್ಡಮ್ಮ, ಚೂರಿಯಂಗ್ ಕೊಯ್ದ ಅಂತ್ಲೇ ಇರ್ಲಿ. ಕೊಯ್ದ್ ಎಲ್ಲಿಗ್ ಬಂದ? ಕಡಲಿಗ್. ಆಷಾಢದ ಕಡಲಿಗ್. ಆ ದಿನದ ನೀರ್ ನೀನೂ ಕಂಡಿದ್ಯಲೆ."

"ಮೂರ್ನೇ ಪಾರ್ಟಂಗೆ ಆಸಾಮಿ ಬೆಂಕಿಗ್ ಬಿದ್ದಿತ್ತ್. ಬೆಂಕಿಗ್! ಬಂದಿಲ್ಯಾ ನಾಲ್ಕಕ್ಕೆ?"

ಅವಳು ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ. ನನ್ನಲ್ಲಿ ಆ ಮಾತು ಸಿದ್ಧವಾಗಿಯೇ ಇತ್ತು. ಜೂನ್‌ನಲ್ಲಿ ಅದೇ ಜಗಲಿಯಲ್ಲಿ ಹೇಳಿದ್ದು. ಒಮ್ಮೆ ಗೆದ್ದ ವಾದವನ್ನು ಮತ್ತೆ ಬಳಸುವುದು ಎಷ್ಟು ಸುಲಭ.

"ನಾಲ್ಕಕ್ಕೆ ಬಂದದ್ದ್ ಅದೇ ಅಲ್ಲ ದೊಡ್ಡಮ್ಮ. ಎರಡಕ್ಕೆ ಬಂದದ್ದೂ ಅದಲ್ಲ. ಅದ್ ಬೇರೆ ಮೊಟ್ಟೆ. ಹೋದದ್ದ್ ಒಂದ್ ಸಲವೂ ಬರ್ಲಿಲ್ಲೆ. ಆರ್ ಪಾರ್ಟಂಗೂ ಬರ್ಲಿಲ್ಲೆ. ಚಂದ್ರಣ್ಣನಿಗೂ ಅದ್ ಗೊತ್ತಿತ್ತ್. ಅವತ್ತ್ ಸೂಜಿ ನಿಲ್ಸಿ ಸುಮ್ನೆ ಕೂತಿದ್ನಲೆ."

ಅವಳ ಸೂಜಿಯೂ ನಿಂತಿತು. ಮಗನ ಕೈಯಲ್ಲಿ ನಿಂತ ಹಾಗೆಯೇ. "ಬೇರೆ ಮೊಟ್ಟೆಯಾ" ಎಂದಳು. ಆಮೇಲೆ, "ಭಾಸ್ಕರನಿಗ್ ಹೇಳ್, ಮಾಡ್ಲಿ."

ನಾನು ಒಂದು ಸಾಕ್ಷ್ಯವನ್ನು ಮುಚ್ಚಿಟ್ಟು ಗೆದ್ದಿದ್ದೆ. ಫೋನಿನಲ್ಲಿ ಕೊನೆಯ ತುಣುಕು ಇತ್ತು, ಈಗಲೂ ಇದೆ. ಬೆಂಡಿನ ಬೆನ್ನು, ತೆರೆ, ಹೆಬ್ಬೆರಳು, ನನ್ನ ದನಿ. ಅವ ಬಲೆಯ ಆ ಬದಿಗೆ ತಾನಾಗಿ ಹೋದದ್ದಲ್ಲ ಎಂದು ತಿಳಿದವರು ಇಬ್ಬರೇ, ನಾನು ಮತ್ತು ರಾಜು. ರಾಜು ಅದರ ಬಗ್ಗೆ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಈಗ ಅವ ಮಲ್ಪೆಯಲ್ಲಿದ್ದಾನೆ; ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಾನೆ.

ದಹನದ ದಿನ ಸಣ್ಣ ಮಳೆ. ದರ್ಭೆಯ ಆಳನ್ನು ಬಾಳೆಲೆಯ ಮೇಲೆ ಮಲಗಿಸಿದ್ದರು. ತೆಂಗಿನಕಾಯಿಯ ತಲೆ ಒಂದು ಬದಿಗೆ ವಾಲುತ್ತಿತ್ತು. ಮಾವ ಎರಡು ಸಲ ಸರಿ ಮಾಡಿದ. ಬೆಂಕಿ ಇಡಬೇಕಾದ ನನ್ನ ಅಪ್ಪ ಕೊಳ್ಳಿ ಹಿಡಿದು ನಿಂತಿದ್ದರು. ದೊಡ್ಡಮ್ಮ ಹತ್ತಿರ ಬಂದು, ಬಗ್ಗಿ, ಬಲೆ ನೋಡುವ ಕಣ್ಣಿನಲ್ಲಿ ಅದರ ಕಟ್ಟನ್ನೆಲ್ಲ ನೋಡಿದಳು. ಒಂದು ಸಡಿಲ ಗಂಟನ್ನು ತಾನೇ ಬಿಗಿದಳು.

"ಅವ ಮಾಡಿದ್ ಇದ್ಕಿಂತ ಲಾಯ್ಕ್ ಇತ್ತ್" ಎಂದಳು.

ಹುಲ್ಲು ಒದ್ದೆಯಾಗಿತ್ತು. ಹತ್ತಿಕೊಳ್ಳಲು ಬಹಳ ಹೊತ್ತಾಯಿತು.

ಕಂಪನಿಯವರ ಸಿನಿಮಾ ಮೂರು ಸಲ ಮುಂದೆ ಹೋಗಿ ಈ ಏಪ್ರಿಲಿನಲ್ಲಿ ಬಂತು. ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ ದೊಡ್ಡಮ್ಮ ನನಗಿಂತ ಮೊದಲೇ ಬಂದು ಟಾಕೀಸಿನ ಮೆಟ್ಟಿಲಲ್ಲಿ ಕೂತಿದ್ದಳು. ಹೊಸ ಸೀರೆ, ತಲೆಯಲ್ಲಿ ಹೂವು. ಸೆಖೆಗೆ ಮುಖವೆಲ್ಲ ಬೆವರು. "ತಡ ಮಾಡಿದ್ಯಲೆ, ಹೆಸ್ರ್ ಬಪ್ಪುಕ್ ಸುರು ಆತ್ತ್" ಎಂದು ಕೈ ಹಿಡಿದು ಒಳಗೆ ಎಳೆದಳು. ಇಡೀ ಟಾಕೀಸಿನಲ್ಲಿ ಇಪ್ಪತ್ತು ಜನ ಇದ್ದಿರಬಹುದು.

ಹೊಸ ಆಸಾಮಿಗೆ ಹೊಳೆಯುವ ಮೈ, ಬಹಳ ಹಲ್ಲು. ಕಾರಿನ ಹುಡುಗಿ ಈ ಸಲವೂ ಇಳಿದಳು. ನಾನು ದೊಡ್ಡಮ್ಮನ ಬೈಗುಳಕ್ಕೆ ಕಾದೆ. ಅವಳು ಬೈಯಲಿಲ್ಲ. ಕೈಯನ್ನು ಮಡಿಲಲ್ಲಿಟ್ಟು ಪರೀಕ್ಷೆಗೆ ಕೂತವಳ ಹಾಗೆ ನೋಡುತ್ತಿದ್ದಳು. ಕೊನೆಗೆ ಆಸಾಮಿ ಸತ್ತಿತು. ಈ ಸಲದವರು ಹೆಣವನ್ನು ಪೂರ್ತಿ ತೋರಿಸಿದರು. ದಡದ ಮೇಲೆ ಅಡ್ಡಬಿದ್ದ ಅಷ್ಟುದ್ದದ ಮೈ, ಅದರ ಮೇಲೆ ಹತ್ತಿ ಓಡಾಡುವ ಜನ. ನಾನು ಆ ಜಗಲಿಯಲ್ಲಿ ಕೇಳಿದ್ದು ಇದನ್ನೇ.

ಹೆಸರುಗಳು ಉರುಳತೊಡಗಿದವು. ಜನ ಎದ್ದು ಹೋದರು. ಬಾಗಿಲು ತೆರೆದು ಹೊರಗಿನ ಬಿಸಿಲು ಒಳಗೆ ಬಿತ್ತು.

"ಮುಗೀತ್ ದೊಡ್ಡಮ್ಮ. ಹೋಪ."

"ಕೂಕೊ. ಹೆಸ್ರೆಲ್ಲ ಹೋಯ್ಲಿ. ಹೆಸ್ರ್ ಆದ್ಮೇಲ್ ಒಂದ್ ಚೂರ್ ಇರತ್ತ್ ಅಂಬ ಅವ."

ಹೌದು. ಅದು ಅವನ ಎರಡನೇ ನಿಯಮವಾಗಿತ್ತು. ಎಲ್ಲರೂ ಹೋದ ಮೇಲೆ ಕತ್ತಲಲ್ಲಿ ಏನಾದರೂ ಅಲುಗುತ್ತದೆ: ಒಂದು ಮೊಟ್ಟೆ, ಒಂದು ಕಣ್ಣು. ಅದನ್ನು ಕಾಣದೆ ಎದ್ದು ಹೋಗುವವರನ್ನು ಅವ ಬೈಯುತ್ತಿದ್ದ. ಕೂತೆ. ಯಾರ್ಯಾರದ್ದೋ ನೂರಾರು ಹೆಸರು ಮೇಲಕ್ಕೆ ಹೋದವು. ಪೊರಕೆ ಹಿಡಿದ ಹೆಂಗಸೊಬ್ಬಳು ಹಿಂದಿನ ಸಾಲಿನಿಂದ ಗುಡಿಸುತ್ತಾ ಬಂದು ನಮ್ಮ ಬಳಿ ನಿಂತಳು.

"ಇನ್ನೆಂತ ಇಲ್ಲೆ ಅಮ್ಮ. ನಾ ದಿನಾ ನಾಲ್ಕ್ ಸಲ ಕಾಂತೆ."

ದೊಡ್ಡಮ್ಮ ಕಾಲು ಎತ್ತಿ ಗುಡಿಸಲು ಜಾಗ ಬಿಟ್ಟಳು, ಏಳಲಿಲ್ಲ. ನಾನೂ ಏಳಲಿಲ್ಲ. ಐದು ವರ್ಷದ ಹಿಂದೆ ಆ ಜಗಲಿಯಲ್ಲಿ ನಾನು ಗೆದ್ದದ್ದು ಏನನ್ನು ಎಂದು ಆಗ ಅರ್ಥವಾಯಿತು. ಅವಳು ದರ್ಭೆಯನ್ನು ಸುಡಲು ಒಪ್ಪಿದ್ದಳು, ಅಷ್ಟೆ. ಕೊನೆಯ ಹೆಸರು ಹೋಯಿತು. ಪರದೆ ಬರೀ ಬಟ್ಟೆಯಾಯಿತು. ಮೇಲಿನ ಲೈಟುಗಳೆಲ್ಲ ಹತ್ತಿದವು.

"ಎಂತ ಇಡ್ಲೇ ಇಲ್ಲೆ" ಎಂದಳು ದೊಡ್ಡಮ್ಮ. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಮಡಿಲಲ್ಲಿದ್ದ ಬ್ಯಾಗಿನ ಮೇಲೆ, ಫೋನು ಇರುವ ಕಡೆಗೇ, ಕೈ ಇಟ್ಟಳು. "ನಮ್ದ್ ನೀ ಇನ್ನೂ ಪೂರಾ ಮಾಡ್ಲಿಲ್ಲೆ. ಮಾಡುವತಿಗೆ ಇವ್ರಂಗ್ ಮಾಡ್ಬೇಡ. ಕಡೀಕ್ ಅವ ಇಪ್ಪುದ್ ಎಂತಾರೂ ಒಂದ್ ಚೂರ್ ಇಡ್. ಇತ್ತಲೆ ನಿನ್ ಹತ್ರ?"

"ಇತ್ತ್" ಎಂದೆ.